ಎರಡನೇ ಚಾಟ್ನಿಯ ಫಲ

ಗಣರಾಜ್ಯೋತ್ಸವದ ಮರುದಿನ. 2023ರ ಜನವರಿ 27, ಶುಕ್ರವಾರ. ಕನಮಡಿಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿರಲಿಲ್ಲ. ಅಂಗಳದ ಆಚೆ ದ್ರಾಕ್ಷಿ ತೋಟದ ಮೇಲೆ ತೆಳುವಾದ ಇಬ್ಬನಿ. ಅದರಾಚೆ ತೆನೆ ಬಿಟ್ಟು ನಿಂತ ಬಿಳಿಜೋಳದ ಹೊಲ. ಇನ್ನೂ ಆಚೆ ಕಣ್ಣಿಗೆ ಕಾಣದ ಒಂದು ಗೆರೆ. ಅದನ್ನು ದಾಟಿದರೆ ಮಹಾರಾಷ್ಟ್ರದ ಜತ್ತ ತಾಲ್ಲೂಕು. ಅಕ್ಕನ ಅಡುಗೆಮನೆಯಿಂದ ರೊಟ್ಟಿ ಬಡಿಯುವ ಸದ್ದು ಒಂದೇ ಲಯದಲ್ಲಿ ಬರುತ್ತಿತ್ತು.

ಒಲೆಯಿಂದ ಮಾರು ದೂರದಲ್ಲಿ, ನೀರಿನ ತಂಬಿಗೆಗೆ ಒರಗಿಸಿಟ್ಟ ಮೊಬೈಲಿನ ಪುಟ್ಟ ಪರದೆಯಲ್ಲಿ ಬೇರೊಂದು ಲೋಕ. ಮೆಲ್ಬರ್ನ್‌ನಲ್ಲಿ ಆಗ ನಡುಮಧ್ಯಾಹ್ನ. ರಾಡ್ ಲೇವರ್ ಅರೀನಾದ ನೀಲಿ ಅಂಕಣ ಬಿಸಿಲಿಗೆ ಹೊಳೆಯುತ್ತಿತ್ತು. ಆಸ್ಟ್ರೇಲಿಯನ್ ಓಪನ್ ಮಿಶ್ರ ಡಬಲ್ಸ್ ಫೈನಲ್. ಒಂದು ಬದಿಗೆ ಬ್ರೆಜಿಲ್‌ನ ಲೂಯಿಸಾ ಸ್ಟೆಫಾನಿ ಮತ್ತು ರಫೆಲ್ ಮಾಟೋಸ್. ಇನ್ನೊಂದು ಬದಿಗೆ 36 ವರ್ಷದ ಸಾನಿಯಾ ಮಿರ್ಜಾ, 42 ವರ್ಷದ ರೋಹನ್ ಬೋಪಣ್ಣ.

ಅಕ್ಕನ ಮಗಳು, ಎಂಟನೇ ಇಯತ್ತೆಯ ಸೊಸಿ, ಶಾಲೆಯ ಚೀಲವನ್ನು ಮಗ್ಗುಲಿಗಿಟ್ಟುಕೊಂಡೇ ಪರದೆಗೆ ಕಣ್ಣು ಕೀಲಿಸಿದ್ದಳು. ಅವಳ ಬೆನ್ನಿಗೆ ಕಂಬಳಿ ಹೊದ್ದ ಆಯಿ.

"ಈ ಹುಡುಗಿ ಯಾರವಾ?"

"ಸಾನಿಯಾ ಮಿರ್ಜಾ, ಆಯಿ. ಹೈದರಾಬಾದಿನಾಕಿ."

"ಆ ಎತ್ತರದಾಂವ?"

"ಬೋಪಣ್ಣ. ನಮ್ಮ ಕೊಡಗಿನಾಂವ."

ಮೊದಲ ಸೆಟ್ ಟೈಬ್ರೇಕ್‌ಗೆ ಹೋಯಿತು, ಕೈತಪ್ಪಿತು. ಎರಡನೆಯದು ಬೇಗನೆ ಮುಗಿಯಿತು. 7-6, 6-2. ಮೈಕು ಸಾನಿಯಾ ಕೈಗೆ ಬಂತು. ತಾನು ಅತ್ತರೆ ಅದು ಸಂತೋಷದ ಕಣ್ಣೀರು ಎಂದರು; ಎನ್ನುತ್ತಲೇ ಕಂಠ ಕಟ್ಟಿತು. ಹದಿನಾಲ್ಕು ವರ್ಷದವಳಿದ್ದಾಗ ತನ್ನ ಮೊಟ್ಟಮೊದಲ ಮಿಶ್ರ ಡಬಲ್ಸ್ ಜೊತೆಗಾರ ಈ ರೋಹನ್ನೇ ಎಂದು ನೆನೆದರು. ಬೋಪಣ್ಣ ಕಣ್ಣೊರೆಸಿಕೊಂಡರು. ಗ್ಯಾಲರಿಯಲ್ಲಿ ನಾಲ್ಕು ವರ್ಷದ ಮಗ ಅಮ್ಮನನ್ನೇ ನೋಡುತ್ತಿದ್ದ.

ಆಯಿ ಮುಂದಕ್ಕೆ ಬಾಗಿದರು. "ಯಾಕವಾ ಅಳಾಕತ್ತಾಳ? ಸೋತಳೇನು?"

"ಸೋತಳು ಆಯಿ. ಆದ್ರ ಸೋತಿದ್ದಕ್ಕಲ್ಲ. ಇನ್ನ ಇಂಥಾ ದೊಡ್ಡ ಆಟ ಆಡೂದಿಲ್ಲ ಅಂತ."

ಆಯಿ ತುಸು ಹೊತ್ತು ಸುಮ್ಮನಿದ್ದು ಅಂದರು: "ತವರಮನಿ ಹೊಸ್ತಲ ದಾಟೂವಾಗ ಹೆಣ್ಣಮಕ್ಕಳು ಹಿಂಗ ಅಳತಾರ. ಸಂಕಟನೂ ಇರತೈತಿ, ಸಂತೋಷನೂ ಇರತೈತಿ."

ಟೆನಿಸ್ಸಿನ ಒಂದು ನಿಯಮವೂ ಗೊತ್ತಿಲ್ಲದ ಆ ಹಿರಿಜೀವಕ್ಕೆ ಆ ಗಳಿಗೆ ಪೂರ್ತಿ ಅರ್ಥವಾಗಿತ್ತು.

*

ಬಿಸಿಲೇರಿದ ಮೇಲೆ ಭಾವನ ಜೊತೆ ತೋಟಕ್ಕೆ ಹೋದೆ. ಶಾಲೆಗೆ ಇನ್ನೂ ವೇಳೆ ಇತ್ತೆಂದು ಸೊಸಿಯೂ ಬಂದಳು. ತಿಕೋಟಾ ಸೀಮೆಯ ದ್ರಾಕ್ಷಿಗೆ ಜನವರಿ ಬಹಳ ಸೂಕ್ಷ್ಮ ತಿಂಗಳು. ಗಟ್ಟಿ ಕಾಯಿ ಮೆತ್ತಗಾಗುತ್ತ, ಒಳಗೆ ನೀರು ತುಂಬುತ್ತ, ಹುಳಿ ಹೋಗಿ ಸಿಹಿ ಬರುವ ಕಾಲ. ತಂತಿ ಚಪ್ಪರದ ಕೆಳಗೆ ಬಗ್ಗಿ ನಡೆಯಬೇಕು. ತಲೆ ಎತ್ತಿದರೆ ಗೊನೆ ತಾಗುತ್ತದೆ. ಭಾವ ಒಂದು ಗೊನೆಯನ್ನು ಅಂಗೈಯಲ್ಲಿ ಹಿಡಿದು ತೂಗಿ ನೋಡಿ ಬಿಟ್ಟರು.

"ಒಂದ ಬಳ್ಳಿಗೆ ವರ್ಷಕ್ಕ ಎರಡ ಸಲ ಕತ್ತರಿ ಹಾಕತೀವಿ," ಎಂದರು. "ಏಪ್ರಿಲ್ ಚಾಟ್ನಿ, ಅಕ್ಟೋಬರ್ ಚಾಟ್ನಿ. ಏಪ್ರಿಲ್‌ದಾಗ ಕಡದ್ರ ಹಣ್ಣಿಗಲ್ಲ, ಕಡ್ಡಿಗೆ. ಹೊಸಾ ಕಡ್ಡಿ ಬಲೀಬೇಕು. ಹಣ್ಣ ಬರೂದು ಅಕ್ಟೋಬರ್ ಚಾಟ್ನಿಗೆ. ಹೊರಗಿನವರು ನೋಡಿದ್ರ, ಬೆಳದ ಬಳ್ಳಿ ಯಾಕ ಕಡಿತಾರಪ್ಪ ಅಂತಾರ. ಕಡೀದಿದ್ರ ಬರೇ ಎಲಿ."

ಆ ಮಾತು ಕೇಳುತ್ತಲೇ ಬೆಳಿಗ್ಗೆ ಪರದೆಯ ಮೇಲೆ ಕಂಡ ಹೆಣ್ಣುಮಗಳ ಇಪ್ಪತ್ತು ವರ್ಷದ ಆಟ ನನ್ನೊಳಗೆ ಬೇರೆಯೇ ಆಗಿ ಜೋಡಿಸಿಕೊಳ್ಳತೊಡಗಿತು. ಆ ಬಳ್ಳಿಗೂ ಎರಡು ಸಲ ಕತ್ತರಿ ಬಿದ್ದಿತ್ತು.

ಸಾನಿಯಾ ಹುಟ್ಟಿದ್ದು 1986ರ ನವೆಂಬರ್ 15ರಂದು, ಮುಂಬಯಿಯಲ್ಲಿ. ಬೆಳೆದದ್ದು ಹೈದರಾಬಾದಿನಲ್ಲಿ. ಆರನೇ ವಯಸ್ಸಿಗೆ ರ‍್ಯಾಕೆಟ್ ಹಿಡಿದಾಗ, ತೀರಾ ಚಿಕ್ಕವಳೆಂದು ಕೋಚ್ ಮೊದಲು ಕಲಿಸಲು ಒಪ್ಪಿರಲಿಲ್ಲ. ತಿಂಗಳು ಕಳೆಯುವುದರೊಳಗೆ ಅದೇ ಕೋಚ್ ತಂದೆ-ತಾಯಿಯನ್ನು ಕರೆಸಿ, ಈ ವಯಸ್ಸಿನಲ್ಲಿ ಇಷ್ಟು ಚೆನ್ನಾಗಿ ಆಡುವ ಮಗುವನ್ನು ತಾನು ಕಂಡಿಲ್ಲವೆಂದರು. ಮುಂದೆ ತಂದೆ ಇಮ್ರಾನ್ ಮಿರ್ಜಾ ಅವರೇ ಗುರುವಾಗಿ ನಿಂತರು. ಆಗಿನ ಹೈದರಾಬಾದಿನಲ್ಲಿ ಮಗು ಆಡಿದ ಅಂಕಣ ಎಂಥದ್ದು? ಸಗಣಿ ಸಾರಿಸಿದ್ದು. ಸಗಣಿಯ ಅಂಕಣದಲ್ಲಿ ಆಡಿ ಬೆಳೆದವಳು ನಾನು ಎಂದು ಸಾನಿಯಾ ಎಷ್ಟೋ ಸಲ ಹೆಮ್ಮೆಯಿಂದ ಹೇಳಿಕೊಂಡಿದ್ದಾರೆ.

ಸೊಸಿ ನಿಂತುಬಿಟ್ಟಳು. "ಸಗಣೀದs? ನಮ್ಮ ಕಣದಾಂಗ?"

"ಹೌದು. ನಿಮ್ಮ ಕಣದಾಂಗನ."

ನಮ್ಮ ಕಡೆಯ ಒಬ್ಬ ಹುಡುಗಿಗೆ ಟೆನಿಸ್ಸಿನ ಬಗ್ಗೆ ಇದಕ್ಕಿಂತ ಹತ್ತಿರದ ಸಂಗತಿ ಇನ್ನೊಂದು ಇರಲಾರದು. ಸುಗ್ಗಿ ಬಂದಾಗ ನೆಲ ಕೆತ್ತಿ, ನೀರು ಹೊಡೆದು, ಬಡಿದು ಗಟ್ಟಿ ಮಾಡಿ, ಸಗಣಿ ಬಳಿದು ನುಣುಪು ಮಾಡಿದ ಕಣ. ಬರಿಗಾಲಲ್ಲಿ ನಿಂತರೆ ತಂಪು, ಓಡಿದರೆ ಜಾರದು. ಈಗ ಯಂತ್ರ ಬಂದು ಕಣ ಕಡಿಮೆಯಾಗಿದೆ. ಆದರೆ ಅದರ ವಾಸನೆ, ಅಂಗಾಲಿಗೆ ಅದು ಕೊಡುವ ಹಿತ ಈ ಊರಿನ ಮಕ್ಕಳಿಗೆ ಇನ್ನೂ ಗೊತ್ತು. ಅಂಥದೇ ನೆಲದ ಮೇಲೆ ಚೆಂಡು ಪುಟಿಸಿ ಬೆಳೆದ ಮಗು ವಿಂಬಲ್ಡನ್ನಿನ ಹಸಿರು ಹುಲ್ಲಿನವರೆಗೆ ನಡೆದುಹೋಯಿತು.

*

ನೆಲ ಸಿಕ್ಕರೂ ಬಿಸಿಲು ಸಿಗುವುದು ಸುಲಭವಿರಲಿಲ್ಲ. ಬಿಸಿಲಲ್ಲಿ ಆಡಿ ಕಪ್ಪಾದರೆ ಇವಳನ್ನು ಯಾರು ಮದುವೆಯಾಗುತ್ತಾರೆ ಎಂದು ಎಂಟು ವರ್ಷದ ಮಗುವಿನ ಎದುರಿಗೇ ಬಂಧುಗಳು ಅನ್ನುತ್ತಿದ್ದರಂತೆ. ಮುಂದೆ ಹದಿಹರೆಯದಲ್ಲಿ ಅವರ ಉಡುಪಿನ ಮೇಲೆ ಟೀಕೆ ಬಂತು. ಆಟಕ್ಕಿಂತ ಸ್ಕರ್ಟಿನ ಉದ್ದದ ಮಾತೇ ದೊಡ್ಡದಾಯಿತು. ಆಕೆ ಎಲ್ಲವನ್ನೂ ಕೇಳಿದರು, ಮರುದಿನ ಬೆಳಿಗ್ಗೆ ಮತ್ತೆ ಅಂಕಣಕ್ಕೆ ಹೋದರು.

ಚಪ್ಪರದ ಅಂಚಿಗೆ ಬಂದು ನಿಂತು ನೋಡಿದೆ. ಆಚೆ ತೋಟದಲ್ಲಿ ಆಳುಗಳು ಆಗಲೇ ಕೆಲಸಕ್ಕೆ ಇಳಿದಿದ್ದರು. ಹೆಚ್ಚಿನವರು ಹೆಣ್ಣುಮಕ್ಕಳು. ತಲೆಗೆ ಟವೆಲ್ ಸುತ್ತಿ, ಸೀರೆಯ ಮೇಲೆ ಗಂಡಸರ ಅಂಗಿ ತೊಟ್ಟು, ಕೈ ಮೇಲೆತ್ತಿ ಗೊನೆ ಹಸನು ಮಾಡುತ್ತಿದ್ದರು. ಸಂಜೆಯವರೆಗೂ ಅದೇ ಭಂಗಿ. ಇನ್ನೆರಡು ತಿಂಗಳಿಗೆ ಕೊಯ್ಲು, ಆಮೇಲೆ ಒಣದ್ರಾಕ್ಷಿ ಶೆಡ್ಡಿನ ಕೆಲಸ. ವಿಜಯಪುರದ ಮಾರ್ಚ್, ಏಪ್ರಿಲ್ ಬಿಸಿಲು ಎಂಥದ್ದೆಂದು ಹೇಳಬೇಕಿಲ್ಲ. ಆ ಬಿಸಿಲಲ್ಲಿ ದುಡಿಯುವ ಹುಡುಗಿ ಕಪ್ಪಾಗುತ್ತಾಳೆಂದು ಯಾರೂ ತಡೆದದ್ದನ್ನು ನಾನು ಕಂಡಿಲ್ಲ. ಆಟಕ್ಕೆ ಹೊರಟಾಗ ಮಾತ್ರ ಆ ಮಾತು ಬರುತ್ತದೆ. ದುಡಿಮೆಯ ಬಿಸಿಲು ಹೆಣ್ಣಿಗೆ ಧಾರಾಳವಾಗಿ ಸಿಕ್ಕಿದೆ. ಆಟದ ಬಿಸಿಲನ್ನು ಆಕೆ ಕೇಳಿ ಪಡೆಯಬೇಕಾಗಿದೆ. ಸಾನಿಯಾ ತಂದೆ-ತಾಯಿ ಮಗಳಿಗೆ ಕೊಟ್ಟ ಮೊದಲ ಆಸ್ತಿ ಆ ಬಿಸಿಲು.

*

ಬಂಧುಗಳ ಆ ಮಾತುಗಳೇ ಮೊದಲ ಚಾಟ್ನಿ ಎನ್ನುವುದಾದರೆ, ಅದರ ಚಿಗುರು ಬಲು ಜೋರಾಗಿ ಬಂತು. 2002ರ ಬೂಸಾನ್ ಏಷ್ಯನ್ ಕ್ರೀಡಾಕೂಟದಲ್ಲಿ ಲಿಯಾಂಡರ್ ಪೇಸ್ ಜೊತೆ ಕಂಚು. 2003ರಲ್ಲಿ ರಷ್ಯಾದ ಅಲಿಸಾ ಕ್ಲೇಬನೋವಾ ಜೊತೆ ವಿಂಬಲ್ಡನ್ ಬಾಲಕಿಯರ ಡಬಲ್ಸ್ ಪ್ರಶಸ್ತಿ. 2005 ಅಂತೂ ಮರೆಯಲಾಗದ ವರ್ಷ. ಆಸ್ಟ್ರೇಲಿಯನ್ ಓಪನ್‌ನಲ್ಲಿ ಮೂರನೇ ಸುತ್ತಿಗೆ ಬಂದರು. ಗ್ರ್ಯಾನ್ ಸ್ಲ್ಯಾಮ್‌ನಲ್ಲಿ ಅಷ್ಟು ದೂರ ಬಂದ ಮೊದಲ ಭಾರತೀಯ ಮಹಿಳೆ. ಅಲ್ಲಿ ಎದುರಾದವರು ಸೆರೆನಾ ವಿಲಿಯಮ್ಸ್. 6-1, 6-4ರಿಂದ ಸೋತರು. ಆದರೆ ಎರಡನೇ ಸೆಟ್‌ನಲ್ಲಿ ಹದಿನೆಂಟರ ಹುಡುಗಿ ಹೆದರದೆ ಹೊಡೆದ ಫೋರ್‌ಹ್ಯಾಂಡ್‌ಗಳನ್ನು ಅಂದು ಟೀವಿ ಮುಂದೆ ಕೂತ ನಮ್ಮಂಥವರು ಯಾರೂ ಮರೆತಿಲ್ಲ.

ಮುಂದಿನ ತಿಂಗಳು ಸ್ವಂತ ಊರಿನಲ್ಲೇ ಹೈದರಾಬಾದ್ ಓಪನ್. ಫೈನಲ್‌ನಲ್ಲಿ ಉಕ್ರೇನಿನ ಅಲೋನಾ ಬೊಂಡರೆಂಕೊ ವಿರುದ್ಧ 6-4, 5-7, 6-3. ಡಬ್ಲ್ಯುಟಿಎ ಸಿಂಗಲ್ಸ್ ಪ್ರಶಸ್ತಿ ಗೆದ್ದ ಮೊದಲ ಭಾರತೀಯಳು. ಮಾರ್ಚ್‌ನಲ್ಲಿ ದುಬೈಯಲ್ಲಿ ಆಗಿನ ಅಮೆರಿಕ ಓಪನ್ ಚಾಂಪಿಯನ್ ಸ್ವೆಟ್ಲಾನಾ ಕುಜ್ನೆತ್ಸೋವಾ ಅವರನ್ನು ನೇರ ಸೆಟ್‌ಗಳಲ್ಲಿ ಮಣಿಸಿದರು. ಅಮೆರಿಕ ಓಪನ್‌ನಲ್ಲಿ ನಾಲ್ಕನೇ ಸುತ್ತು. 2006ರಲ್ಲಿ ಬೆಂಗಳೂರು ಓಪನ್‌ನ ಡಬಲ್ಸ್ ಪ್ರಶಸ್ತಿಯನ್ನು ಲೀಝೆಲ್ ಹ್ಯೂಬರ್ ಜೊತೆ ಗೆದ್ದು ಕನ್ನಡ ನೆಲದಲ್ಲೂ ಹೆಜ್ಜೆ ಊರಿದರು. 2007ರ ಆಗಸ್ಟ್‌ನಲ್ಲಿ ಸಿಂಗಲ್ಸ್‌ನಲ್ಲಿ ಜಗತ್ತಿನ 27ನೇ ಸ್ಥಾನ.

ಹೀಗೆ ಬಳ್ಳಿ ಚಪ್ಪರದ ತುದಿಗೆ ಚಾಚಿದ್ದಾಗ ಬಲಗೈಯ ಮಣಿಕಟ್ಟು ಕೈಕೊಟ್ಟಿತು.

*

ಮಧ್ಯಾಹ್ನ ಊಟಕ್ಕೆ ಕೂತಾಗ ಅಕ್ಕನಿಗೆ ಇದನ್ನೇ ಹೇಳಿದೆ. ಅಕ್ಕ ತನ್ನ ಬಲಗೈಯನ್ನೊಮ್ಮೆ ತಿರುಗಿಸಿ ನೋಡಿಕೊಂಡಳು. ದಿನಕ್ಕೆ ಮೂವತ್ತು, ಮೂವತ್ತೈದು ರೊಟ್ಟಿ ಬಡಿಯುವ ಕೈ ಅದು. ಎರಡು ವರ್ಷದ ಹಿಂದೆ ಅವಳ ಮಣಿಕಟ್ಟು ಬಾತು, ತಿಂಗಳುಗಟ್ಟಲೆ ತಂಬಿಗೆ ಎತ್ತುವುದೂ ಕಷ್ಟವಾಗಿತ್ತು.

"ಮಣಿಕಟ್ಟ ಹೋದ್ರ ಎಲ್ಲಾ ಹ್ವಾದಂಗ," ಎಂದಳು. "ನೋವಿಗಿಂತ, ನನ್ನ ಕೈ ನನ್ನ ಮಾತ ಕೇಳವಲ್ದಲ್ಲ ಅನ್ನೂ ಸಂಕಟ ದೊಡ್ಡದು."

2008ರಲ್ಲಿ ಸಾನಿಯಾ ಅನುಭವಿಸಿದ್ದು ಇದನ್ನೇ. ಆ ಏಪ್ರಿಲ್‌ನಲ್ಲಿ ಬಲ ಮಣಿಕಟ್ಟಿಗೆ ಶಸ್ತ್ರಚಿಕಿತ್ಸೆ. ಆಗಸ್ಟ್‌ನಲ್ಲಿ ಬೀಜಿಂಗ್ ಒಲಿಂಪಿಕ್ಸ್‌ಗೆ ಹೋದರು. ನೋವು ತಾಳದೆ ಮೊದಲ ಪಂದ್ಯದ ನಡುವೆಯೇ ಹಿಂದೆ ಸರಿದರು. ತಲೆ ಬಾಚಿಕೊಳ್ಳಲೂ ಕೈ ಬಾರದ ದಿನಗಳವು, ಮನಸ್ಸು ಕತ್ತಲೆಗೆ ಜಾರಿತ್ತು ಎಂದು ಆಮೇಲೆ ಮುಚ್ಚುಮರೆಯಿಲ್ಲದೆ ಹೇಳಿಕೊಂಡರು. ಫೋರ್‌ಹ್ಯಾಂಡ್ ಅವರ ಆಟದ ಬೆನ್ನೆಲುಬು. ಚೆಂಡಿಗೆ ರ‍್ಯಾಕೆಟ್ ತಾಗುವ ಗಳಿಗೆಯಲ್ಲಿ ಕೊನೆಯ ಮಿಂಚು ಬರುವುದು ಮಣಿಕಟ್ಟಿನಿಂದ. ಆ ಮಿಂಚೇ ಮೈಗೆ ಮುಳುವಾಗಿತ್ತು.

ಗಾಯಗೊಂಡ ಆಟಗಾರ್ತಿಗೆ ಎರಡು ದಾರಿ ಕಾಣುತ್ತವೆ: ಹಟ ಹಿಡಿದು ಮೊದಲಿನಂತೆಯೇ ಆಡುವುದು, ಇಲ್ಲವೇ ಬಿಟ್ಟುಬಿಡುವುದು. ಸಾನಿಯಾ ಮೂರನೆಯದನ್ನು ಹುಡುಕಿದರು. ಸಿಂಗಲ್ಸ್‌ನಲ್ಲಿ ಇಡೀ ಅಂಕಣ ಒಬ್ಬರದೇ ಹೊಣೆ, ಮೈ ಸವೆತ ಹೆಚ್ಚು. ಡಬಲ್ಸ್‌ನಲ್ಲಿ ಹೊಣೆ ಇಬ್ಬರಲ್ಲಿ ಹಂಚಿಹೋಗುತ್ತದೆ. ನೆಟ್ ಬಳಿಯ ಚುರುಕು, ಜೊತೆಗಾತಿಯ ಮನಸ್ಸನ್ನು ಓದುವ ಸೂಕ್ಷ್ಮ ಬೇಕಾಗುತ್ತದೆ. 2013ರಲ್ಲಿ ಅವರು ಸಿಂಗಲ್ಸ್‌ಗೆ ಪೂರ್ತಿ ವಿದಾಯ ಹೇಳಿದರು. ತನ್ನ ಹೆಸರು ಬೆಳೆದ ಕೊಂಬೆಯನ್ನು ತಾನೇ ಕತ್ತರಿಸಿದ ಎರಡನೇ ಚಾಟ್ನಿ ಇದು.

ಟೆನಿಸ್ ಅಂಕಣದಲ್ಲಿ ಸಿಂಗಲ್ಸ್‌ಗೆ ಅಗಲ 27 ಅಡಿ, ಡಬಲ್ಸ್‌ಗೆ 36. ಎರಡೂ ಬದಿಗೆ ನಾಲ್ಕೂವರೆ ಅಡಿಯ ಪಟ್ಟಿ ಹೆಚ್ಚು ಸಿಗುತ್ತದೆ. ಆ ನಾಲ್ಕೂವರೆ ಅಡಿಯ ಪಟ್ಟಿಯಲ್ಲಿ ಸಾನಿಯಾ ಮರುಜನ್ಮ ಪಡೆದರು.

*

ಹಣ್ಣು ಹೇಗೆ ಬಂತು ನೋಡಿ. ಮಹೇಶ್ ಭೂಪತಿ ಜೊತೆ 2009ರ ಆಸ್ಟ್ರೇಲಿಯನ್, 2012ರ ಫ್ರೆಂಚ್ ಮಿಶ್ರ ಡಬಲ್ಸ್ ಪ್ರಶಸ್ತಿ ಮೊದಲೇ ಬಂದಿದ್ದವು. 2014ರಲ್ಲಿ ಬ್ರೂನೊ ಸೊರೆಸ್ ಜೊತೆ ಅಮೆರಿಕ ಓಪನ್. ಆಮೇಲೆ 2015ರ ಮಾರ್ಚ್‌ನಲ್ಲಿ ಸ್ವಿಟ್ಜರ್ಲೆಂಡಿನ ಮಾರ್ಟಿನಾ ಹಿಂಗಿಸ್ ಜೊತೆಯಾದರು. ಇದೇ ಹಿಂಗಿಸ್‌ರನ್ನು 2006ರಲ್ಲಿ ಸೋಲ್‌ನಲ್ಲಿ ಸಾನಿಯಾ ಸಿಂಗಲ್ಸ್‌ನಲ್ಲಿ ಸೋಲಿಸಿದ್ದರು. ಅಂದಿನ ಎದುರಾಳಿ ಇಂದಿನ ಜೋಡಿ. ಹಿಂಗಿಸ್ ನೆಟ್ ಬಳಿ ಬಲೆ ಹೆಣೆಯುವರು, ಸಾನಿಯಾ ಹಿಂದಿನಿಂದ ಫೋರ್‌ಹ್ಯಾಂಡ್ ಸಿಡಿಸುವರು. ಇಂಡಿಯನ್ ವೆಲ್ಸ್, ಮಯಾಮಿ, ಚಾರ್ಲ್‌ಸ್ಟನ್: ಜೊತೆಯಾಗಿ ಆಡಿದ ಮೊದಲ ಮೂರು ಟೂರ್ನಿಗಳಲ್ಲೂ ಪ್ರಶಸ್ತಿ. ಏಪ್ರಿಲ್ 13ರಂದು ಸಾನಿಯಾ ಡಬಲ್ಸ್‌ನಲ್ಲಿ ವಿಶ್ವದ ಮೊದಲ ಸ್ಥಾನಕ್ಕೇರಿದರು. ಆ ಎತ್ತರ ಮುಟ್ಟಿದ ಮೊದಲ ಭಾರತೀಯ ಮಹಿಳೆ. ಅಲ್ಲಿ ಒಟ್ಟು 91 ವಾರ ನಿಂತರು.

ಆ ವರ್ಷದ ವಿಂಬಲ್ಡನ್ ಫೈನಲ್ ಕಣ್ಣಿಗೆ ಕಟ್ಟಿದಂತಿದೆ. ಎದುರಿಗೆ ರಷ್ಯಾದ ಮಕರೋವಾ, ವೆಸ್ನಿನಾ. ಮೊದಲ ಸೆಟ್ ಹೋಯಿತು, ಎರಡನೆಯದು ಟೈಬ್ರೇಕ್‌ನಲ್ಲಿ ಬಂತು. ಮೂರನೆಯದರಲ್ಲಿ 2-5ರ ಹಿನ್ನಡೆ. ಇನ್ನೊಂದು ಗೇಮ್ ಹೋಗಿದ್ದರೆ ಮುಗಿಯುತ್ತಿತ್ತು. ಒಂದೊಂದೇ ಗೇಮ್ ಕಿತ್ತುಕೊಂಡು 5-5ಕ್ಕೆ ತಂದರು. ಅಷ್ಟರಲ್ಲಿ ಲಂಡನ್ನಿಗೆ ಸಂಜೆಗತ್ತಲು. ಆಟ ನಿಲ್ಲಿಸಿ ಸೆಂಟರ್ ಕೋರ್ಟಿನ ಚಾವಣಿ ಮುಚ್ಚಿ ದೀಪ ಹಚ್ಚಿದರು. ಮತ್ತೆ ಬಂದವರೇ ಎರಡು ಗೇಮ್ ಗೆದ್ದರು: 7-5. ರ‍್ಯಾಕೆಟ್ ಚೆಲ್ಲಿ ಇಬ್ಬರೂ ತಬ್ಬಿಕೊಂಡರು. ಮುಂದೆ ಅಮೆರಿಕ ಓಪನ್, 2016ರ ಆಸ್ಟ್ರೇಲಿಯನ್ ಓಪನ್. ಸತತ 41 ಪಂದ್ಯಗಳ ಗೆಲುವು. ಹೀಗೆ ಒಟ್ಟು ಆರು ಗ್ರ್ಯಾನ್ ಸ್ಲ್ಯಾಮ್; ಡಬ್ಲ್ಯುಟಿಎ ಡಬಲ್ಸ್ ಪ್ರಶಸ್ತಿ 43. ಆರೂ ಗ್ರ್ಯಾನ್ ಸ್ಲ್ಯಾಮ್ ಬಂದದ್ದು ಮಣಿಕಟ್ಟಿನ ಶಸ್ತ್ರಚಿಕಿತ್ಸೆಯ ನಂತರ ಎಂಬುದನ್ನು ಮರೆಯಬಾರದು.

2018ರ ಅಕ್ಟೋಬರ್‌ನಲ್ಲಿ ಮಗ ಹುಟ್ಟಿದ. ಇನ್ನು ಮುಗಿಯಿತೆಂದರು ಜನ. 2020ರ ಜನವರಿಯಲ್ಲಿ ಹೋಬಾರ್ಟ್‌ನಲ್ಲಿ ಉಕ್ರೇನಿನ ನಾದಿಯಾ ಕಿಚೆನಾಕ್ ಜೊತೆ ಮರಳಿ ಅಂಕಣಕ್ಕಿಳಿದರು. ಮೊದಲ ಟೂರ್ನಿಯಲ್ಲೇ ಪ್ರಶಸ್ತಿ. ಟೋಕಿಯೊದಲ್ಲಿ ನಾಲ್ಕನೇ ಒಲಿಂಪಿಕ್ಸ್. ಕೊನೆಯ ಟೂರ್ನಿ 2023ರ ಫೆಬ್ರುವರಿ 21ರಂದು ದುಬೈಯಲ್ಲಿ, ಸೋಲಿನೊಂದಿಗೆ ಮುಗಿಯಿತು. ಮಾರ್ಚ್ 5ರಂದು ತವರಿನ ಲಾಲ್ ಬಹಾದ್ದೂರ್ ಕ್ರೀಡಾಂಗಣದಲ್ಲಿ ಬೀಳ್ಕೊಡುಗೆಯ ಪಂದ್ಯ. ಅಲ್ಲಿಗೂ ಬೋಪಣ್ಣ ಬಂದಿದ್ದರು. ಅದೇ ದಿನಗಳಲ್ಲಿ ಬೆಂಗಳೂರಿನ ಆರ್‌ಸಿಬಿ ಮಹಿಳಾ ಕ್ರಿಕೆಟ್ ತಂಡ ಸಾನಿಯಾರನ್ನು ಮಾರ್ಗದರ್ಶಿಯಾಗಿ ಕರೆದುಕೊಂಡಿತು. ಬ್ಯಾಟ್ ಹಿಡಿದ ಹುಡುಗಿಯರಿಗೆ ರ‍್ಯಾಕೆಟ್ ಹಿಡಿದವಳು ಏನು ಕಲಿಸಬಲ್ಲಳು? ಸೋತ ಮರುದಿನ ಏಳುವುದನ್ನು.

*

"ಹೈದರಾಬಾದು ದೊಡ್ಡ ಊರು, ಮಾಮಾ," ಎಂದಳು ಸೊಸಿ. ಸಂಜೆ ಶಾಲೆ ಬಿಟ್ಟು ಬಂದವಳು ಬೆಳಗಿನಿಂದ ಅದನ್ನೇ ಯೋಚಿಸಿದ್ದಳೆಂದು ತೋರುತ್ತದೆ. "ನಮ್ಮಂಥಾ ಊರಿಂದ ಯಾರರ ಹೋಗ್ಯಾರೇನು?"

ಹೋಗಿದ್ದಾರೆ. ನಮ್ಮ ಪಕ್ಕದ ಸೊಲ್ಲಾಪುರ ಜಿಲ್ಲೆಯ ಬಾರ್ಶಿ ಒಂದು ತಾಲ್ಲೂಕು ಊರು. ಅಲ್ಲಿ ಹುಟ್ಟಿದ ಪ್ರಾರ್ಥನಾ ಠೊಂಬರೆ 2014ರ ಇಂಚಿಯಾನ್ ಏಷ್ಯನ್ ಕ್ರೀಡಾಕೂಟದಲ್ಲಿ ಸಾನಿಯಾ ಜೊತೆ ಮಹಿಳೆಯರ ಡಬಲ್ಸ್ ಕಂಚು ಗೆದ್ದರು. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಅದೇ ಸಾನಿಯಾ ಜೊತೆ ದೇಶಕ್ಕೆ ಆಡಿದರು. ಸೊಲ್ಲಾಪುರದಲ್ಲಿ ಅಂತರರಾಷ್ಟ್ರೀಯ ಮಹಿಳಾ ಟೂರ್ನಿಗಳು ನಡೆದಿವೆ. ಕನಮಡಿಯ ಗಡಿಗೆ ಅದು ದೂರದ ಲೋಕವಲ್ಲ.

ನಮ್ಮ ಜಿಲ್ಲೆಯದೇ ಉದಾಹರಣೆ ಬೇಕೆಂದರೆ ಸೈಕಲ್ ಇದೆ. ವಿಜಯಪುರ, ಬಾಗಲಕೋಟೆಯ ಹಳ್ಳಿಗಳ ಹೆಣ್ಣುಮಕ್ಕಳು ರಾಷ್ಟ್ರಮಟ್ಟದ ಸೈಕ್ಲಿಂಗ್‌ನಲ್ಲಿ ಪದಕ ತಂದವರು. ಅವರ ತೊಡೆಯಲ್ಲಿ ಬಲ ಎಲ್ಲಿಂದ ಬಂತೆಂದು ಯಾರೂ ಕೇಳಬೇಕಿಲ್ಲ. ರಸ್ತೆ ಇತ್ತು, ಸೈಕಲ್ ಸಿಕ್ಕಿತು, ಕಲಿಸುವವರು ಬಂದರು, ಮನೆಯವರು ಬಿಟ್ಟರು. ಈ ನಾಲ್ಕೂ ಕೂಡಿದಾಗ ಆಟ ಬೇರೂರುತ್ತದೆ.

ಸೊಸಿ ಎದ್ದು ಒಣದ್ರಾಕ್ಷಿ ಶೆಡ್ಡಿನ ಮುಂದಿನ ಬಯಲಿಗೆ ಹೋದಳು. ಸುಗ್ಗಿಯಲ್ಲಿ ಕಣ ಮಾಡುತ್ತಿದ್ದ ಜಾಗ ಅದು. "ಎಷ್ಟ ಉದ್ದ ಅಂದಿ ಮಾಮಾ?" "ಎಪ್ಪತ್ತೆಂಟು ಅಡಿ." ಎರಡಡಿಗೊಂದು ಹೆಜ್ಜೆಯಂತೆ ಮೂವತ್ತೊಂಬತ್ತು ಹೆಜ್ಜೆ ಎಣಿಸಿ ಒಂದು ಕಲ್ಲಿಟ್ಟಳು. ಅಡ್ಡಕ್ಕೆ ಹದಿನೆಂಟು ಹೆಜ್ಜೆ, ಇನ್ನೊಂದು ಕಲ್ಲು. ಹಿಂದಿನ ದಿನ ಧ್ವಜವಂದನೆಗೆ ಗೆರೆ ಹಾಕಲು ತಂದಿದ್ದ ಸುಣ್ಣದ ಪುಡಿ ಅವಳ ಚೀಲದ ಮೂಲೆಯಲ್ಲಿ ಒಂದು ಹಿಡಿ ಉಳಿದಿತ್ತು. ಅದರಿಂದ ಒಂದು ಬದಿಯ ಗೆರೆ ಎಳೆದಳು. ಪುಡಿ ಮುಗಿಯಿತು. ಉಳಿದ ಮೂರು ಬದಿಗೆ ಕಾಲಿನಿಂದಲೇ ಮಣ್ಣಿನಲ್ಲಿ ಗೆರೆ ಕೊರೆದಳು. ಭಾವ ತೋಟದಿಂದ ಬಂದವರು ಕತ್ತರಿ ಕೈಯಲ್ಲೇ ಹಿಡಿದು ನಿಂತು ನೋಡಿದರು. "ಏನವಾ ಇದು?" ಎಂದರು. "ಕೋರ್ಟ್, ಅಪ್ಪಾ." ಅವರು ಗೆರೆ ತುಳಿಯದಂತೆ ಸುತ್ತು ಹಾಕಿ ಮನೆಯೊಳಗೆ ಹೋದರು.

ಆ ರಾತ್ರಿ ಕೂತು ಲೆಕ್ಕ ಹಾಕಿದೆ. 78 ಅಡಿ ಉದ್ದ, 36 ಅಡಿ ಅಗಲದ ಅಂಕಣಕ್ಕೆ ಬೇಕಾದ ನೆಲ ಎರಡೂವರೆ ಗುಂಟೆಗಿಂತ ತುಸು ಹೆಚ್ಚು. ಸುತ್ತ ಓಡಾಡಲು ಜಾಗ ಬಿಟ್ಟು 120 ಅಡಿಗೆ 60 ಅಡಿ ಹಿಡಿದರೂ ಏಳು ಗುಂಟೆಯೊಳಗೆ ಮುಗಿಯುತ್ತದೆ. ನಲವತ್ತು ಗುಂಟೆಯ ಎಕರೆಯಲ್ಲಿ ಏಳು ಗುಂಟೆ. ಶಾಲೆಯ ಬಯಲಿನಲ್ಲಾಗಲಿ, ಗ್ರಾಮ ಪಂಚಾಯಿತಿಯ ಗಾಂವಠಾಣದಲ್ಲಾಗಲಿ ಇಷ್ಟು ನೆಲ ಹೊಂದಿಸುವುದು ಯಾವ ಊರಿಗೂ ಭಾರವಲ್ಲ. ಸಿಮೆಂಟ್ ಬೇಕಿಲ್ಲ, ಸಗಣಿ ಸಾಕು. ವಿಂಬಲ್ಡನ್ ಗೆದ್ದವಳು ಅಲ್ಲಿಂದಲೇ ಹೊರಟವಳು. ಅಲ್ಲಿ ಆಡುವುದು ಟೆನಿಸ್ಸೇ ಆಗಬೇಕೆಂದಿಲ್ಲ, ಕೊಕ್ಕೊ, ಕಬಡ್ಡಿ ಯಾವುದಾದರೂ ಸರಿ. ಪಂಚಾಯಿತಿಯ ಹಿರಿಯರಲ್ಲಿ ನನ್ನ ವಿನಂತಿ ಇಷ್ಟು: ಹೆಣ್ಣುಮಕ್ಕಳಿಗೆಂದು ಆ ಏಳು ಗುಂಟೆ ಗೆರೆ ಹಾಕಿ ಬಿಡಿ. ಮನೆಯ ಹಿರಿಯರಲ್ಲಿ ಇನ್ನೊಂದು: ದಿನಕ್ಕೆ ಒಂದು ತಾಸು ಅವರನ್ನು ಆಟದ ಬಿಸಿಲಿಗೆ ಬಿಡಿ.